ಕವರಿನ ಮೇಲೊಂದು ಕವರು

ಮೊದಲು ಜಾರಿದ್ದು ಮಣೆ, ಅದರ ಹಿಂದೆಯೇ ಅಂಬುಜಾ.

ಚೆನ್ನೈ ಕೋಡಂಬಾಕ್ಕಂನ ಆ ಇಕ್ಕಟ್ಟು ಬೀದಿಯಲ್ಲಿ ಹೂವಿನವನ ಸ್ಕೂಟರೊಂದು ಅಡ್ಡ ಬಂತೆಂದು ಅವಳು ಬ್ರೇಕು ಒತ್ತಿದ್ದೇ ತಡ, ಊಟಕ್ಕೆ ಕೂರುವ ಹಲಸಿನ ಮಣೆ ಸೀಟಿನ ಮೇಲಿಂದ ಸರ್ರನೆ ಮುಂದಕ್ಕೆ ನುಗ್ಗಿತು. ಮಣೆಯ ಮೇಲಿದ್ದ ದಿಂಬು, ದಿಂಬಿನ ಮೇಲಿದ್ದ ಅಂಬುಜಾ ಒಟ್ಟಿಗೇ ಸ್ಟಿಯರಿಂಗಿನ ಕೆಳಗೆ ಇಳಿದರು. ಸೊಂಟದ ಮೇಲಿರಬೇಕಾದ ಬೆಲ್ಟು ಕತ್ತಿಗೆ ಬಂತು. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಕಮಲಾಕರ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

ಸ್ಕೂಟರಿನವನು ಬಗ್ಗಿ ಕಿಟಕಿಯೊಳಗೆ ನೋಡಿದ. ಓಡಿಸುವವರ ಜಾಗದಲ್ಲಿ ಯಾರೂ ಕಾಣಲಿಲ್ಲ. "ಎನ್ನ ಸಾರ್, ವಂಡಿ ತಾನಾ ಓಡುದಾ?" ಎಂದ. ಗಾಡಿ ತಾನಾಗಿಯೇ ಓಡುತ್ತಿದೆ ಎಂದೇ ಅವನು ನಂಬಿದಂತಿತ್ತು. ಉತ್ತರಕ್ಕೆ ಕಾಯದೆ ಹೊರಟುಹೋದ.

"ನೋಡಿದೆಯಾ? ಇದಕ್ಕೇ ನಾನು ಬೇಡಾಂತ ಬಡ್ಕೊಂಡಿದ್ದು," ಕಮಲಾಕರ ಕಣ್ಣು ಬಿಟ್ಟ.

"ಮಣೆ ಇಟ್ಟೋರು ಯಾರು?" ಅಂಬುಜಾ ಕೆಳಗಿನಿಂದಲೇ ಕೇಳಿದಳು.

"ಸ್ಟ್ರಾಂಗಾಗಿರತ್ತೆ ಅಂತ ಇಟ್ಟೆ."

"ಸ್ಟ್ರಾಂಗಾಗೇ ಇದೆ. ಬಿದ್ದಿದ್ದು ನಾನು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಇಳಿದು ಜಾಗ ಬದಲಿಸಿ, ಕಾರನ್ನು ತಾನೇ ಮನೆಗೆ ತಂದ. ಮಣೆ ಅಡುಗೆಮನೆಗೆ ಹೋಯಿತು.

ಅಂಬುಜಾ ವಿಮೆ ಕಂಪನಿಯಲ್ಲಿ ಇದ್ದಷ್ಟು ಕಾಲವೂ ಬಸ್ಸಿನಲ್ಲಿ ನೇತಾಡಿಕೊಂಡೇ ಆಫೀಸಿಗೆ ಹೋದವಳು. ನಿವೃತ್ತಳಾದ ಮೇಲೆ ಗಂಡನಿಗೆ ವಾಕಿಂಗ್ ಎಂದು ಹೇಳಿ ಬೆಳಿಗ್ಗೆ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿಗೆ ಹೋದಳು. ಲೈಸೆನ್ಸ್ ಬಂದ ದಿನ ಅದನ್ನು ಅವನ ಕಾಫಿ ಲೋಟದ ಪಕ್ಕದಲ್ಲಿಟ್ಟಳು. ತೊಂದರೆ ಒಂದೇ, ಅವಳು ಕುಳ್ಳಿ. ಸ್ಕೂಲಿನ ಕಾರಿನಲ್ಲಿ ಯಾರೋ ಪುಣ್ಯಾತ್ಮರು ಸೀಟಿನ ಕಾಲುಗಳನ್ನೇ ಎತ್ತರಿಸಿದ್ದರು. ಮನೆಯ ಕಾರಿನಲ್ಲಿ ಕೂತರೆ ಸ್ಟಿಯರಿಂಗಿನ ವೃತ್ತದೊಳಗಿಂದ ಆಕಾಶ ಮತ್ತು ಮೆಟ್ರೊ ಕಂಬಗಳ ತಲೆ ಮಾತ್ರ ಕಾಣುತ್ತಿದ್ದವು.

ಇದೆಲ್ಲ ನಿಧಾನಕ್ಕೆ ಸರಿಹೋಗಬಹುದಿತ್ತು. ಆದರೆ ಅವಳು ಭಜನಾ ಮಂಡಳಿಯಲ್ಲಿ ಬಾಯಿ ಬಿಟ್ಟಿದ್ದಳು. ಈ ಶನಿವಾರ ಪೋರೂರಿನಲ್ಲಿ ಶ್ರೀಪ್ರಿಯಾಳ ಹೊಸ ಮನೆಯಲ್ಲಿ ಭಜನೆ. ಪ್ರತಿ ಸಲವೂ ಯಾರದಾದರೂ ಗಂಡನ ಕಾರಿಗೆ ಕಾಯಬೇಕು. ಆ ಗಂಡ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಕೂತು ಫೋನು ನೋಡುತ್ತಾನೆ, ಮಂಗಳಾರತಿಗೆ ಮುಂಚೆಯೇ ಹಾರ್ನು ಹೊಡೆಯುತ್ತಾನೆ. "ಈ ಸಲ ಯಾರನ್ನೂ ಕೇಳೋದು ಬೇಡ. ನಾನೇ ಕರ್ಕೊಂಡು ಹೋಗ್ತೀನಿ," ಎಂದು ಅಂಬುಜಾ ಎಲ್ಲರ ಮುಂದೆ ಹೇಳಿದ್ದಳು. ಮಂಡಳಿಯ ಹಿರಿಯರಾದ ಜಯಲಕ್ಷ್ಮಮ್ಮನವರು ತಾಳ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ್ದರು. ಮೇಲಿಂದ ಕೆಳಗೆ ಬರಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮರುದಿನ ಗಂಡ ಹೆಂಡತಿ ಜನರಲ್ ಪ್ಯಾಟರ್ಸ್ ರೋಡಿಗೆ ಹೋದರು. ಕಾರಿಗೆ ಏನು ಬೇಕಾದರೂ ತೊಡಿಸುವ ಬೀದಿ ಅದು. ಕಮಲಾಕರನ ಮುಖ ಅರಳಿತು. ಅವನು ಪೆರಂಬೂರಿನ ಕೋಚ್ ಕಾರ್ಖಾನೆಯಲ್ಲಿ ಬೋಗಿಗಳಿಗೆ ಸೀಟು, ಬರ್ತು, ಕೊಕ್ಕೆ ಜೋಡಿಸುವ ವಿಭಾಗದಲ್ಲಿದ್ದವನು. ಖಾಲಿ ಜಾಗ ಕಂಡರೆ ಅಲ್ಲೊಂದು ಏನಾದರೂ ಸ್ಕ್ರೂ ಹಾಕಿ ಕೂರಿಸಬೇಕು. ಸಹೋದ್ಯೋಗಿಯೊಬ್ಬನಿಂದ ಕಾರು ಕೊಂಡಾಗಲೇ ಸೀಟುಗಳಿಗೆ ಕವರು ಇತ್ತು. ಆ ಕವರು ಕೊಳೆಯಾಗಬಾರದೆಂದು ಅದರ ಮೇಲೆ ಇನ್ನೊಂದು ಕವರು ಹಾಕಿಸಿದ್ದ. ಮ್ಯಾಟಿನ ಮೇಲೆ ಮ್ಯಾಟು. ಮನೆಯಲ್ಲಿ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಅಂಗಿ.

ಅಂಗಡಿಯ ಬಾಬು ಹೊಸೂರಿನ ಕಡೆಯವನು. ಕನ್ನಡ ಕೇಳಿ ಖುಷಿಯಾಗಿ ಸ್ಟೂಲು ಹಾಕಿದ.

"ಮಣೆನಾ? ಅಯ್ಯೋ, ರೊಂಬ ಡೇಂಜರ್ ಮೇಡಂ. ಸೀಟಿನ ಮೇಲೆ ಜಾರೋ ಸಾಮಾನು ಏನೂ ಇಡಬಾರ್ದು. ದಿಂಬೂ ವೇಂಡಾ, ಬೇಡ. ಮೆತ್ತಗಿದ್ರೆ ಬ್ರೇಕ್ ಹಾಕಿದಾಗ ನೀವು ಬೆಲ್ಟ್ ಕೆಳಗೆ ನುಸುಳ್ತೀರಿ."

"ನುಸುಳಿದ್ದಾಯ್ತು," ಎಂದಳು ಅಂಬುಜಾ.

"ಮತ್ತೆ ಮ್ಯಾಟು ಒಂದೇ ಹಾಕಿ ಸಾರ್. ಎರಡು ಹಾಕಿದ್ರೆ ಮೇಲಿಂದು ಜರುಗಿ ಬ್ರೇಕ್ ಪೆಡಲ್ ಅಡಿಗೆ ಹೋಗತ್ತೆ."

ಕಮಲಾಕರ ಆ ಮಾತು ಕೇಳಿಸದವನಂತೆ ಗೋಡೆಯ ಕಡೆ ಕೈ ತೋರಿಸಿದ. "ಆ ಹಾರ್ನು ಎಂಥದ್ದು?"

ಅಲ್ಲಿಂದ ಬಾಬುವಿಗೆ ಗಿರಾಕಿ ಸಿಕ್ಕಿದ. ಹಿಂದೆ ನೋಡುವ ಕ್ಯಾಮೆರಾ, ಪಕ್ಕದ ಕನ್ನಡಿಗೆ ಅಂಟಿಸುವ ಗುಂಡು ಕನ್ನಡಿ, ಅಗಲವಾದ ಒಳಗನ್ನಡಿ, ಬಾಗಿಲ ಅಂಚಿಗೆ ರಬ್ಬರು. ಕಪ್ಪು ಫಿಲ್ಮ್ ಮಾತ್ರ ಬೇಡ, ಪೊಲೀಸರು ಹಿಡೀತಾರೆ ಎಂದು ಬಾಬುವೇ ತಡೆದ. ಅಂಬುಜಾ ಒಂದೊಂದೂ ಕೌಂಟರಿನ ಮೇಲೆ ಸಾಲಾಗುವುದನ್ನು ನೋಡುತ್ತ ನಿಂತಳು. ಇದರಲ್ಲಿ ಯಾವುದೂ ಅವಳನ್ನು ಒಂದು ಬೆರಳಿನಷ್ಟೂ ಮೇಲೆತ್ತುವಂಥದಲ್ಲ.

"ಸೀಟನ್ನೇ ಮೇಲೆತ್ತೋ ಲಿವರ್ ಇಲ್ವಾ ಸಾರ್, ನಿಮ್ಮ ಗಾಡೀಲಿ?" ಬಾಬು ಕೇಳಿದ.

"ಅದೆಲ್ಲಾ ಟಾಪ್ ಮಾಡೆಲ್‌ಗೆ ಕಣಪ್ಪಾ. ನಮ್ಮದು ಸಾದಾ. ಇಷ್ಟು ವರ್ಷದಿಂದ ಓಡಿಸ್ತಿದ್ದೀನಿ, ನಂಗೆ ಗೊತ್ತಿಲ್ವಾ?"

ಕಾರು ಎರಡು ಬೀದಿಯಾಚೆ ನಿಂತಿತ್ತು. ಹೋಗಿ ನೋಡುವ ಉಸಾಬರಿ ಬಾಬುವಿಗೂ ಬೇಕಿರಲಿಲ್ಲ. "ಹಂಗಾದ್ರೆ ಗಟ್ಟಿ ಫೋಮಿಂದು ಬರತ್ತೆ, ಹಿಂದೆ ಬೆಲ್ಟ್ ಹಾಕಿ ಸೀಟಿಗೆ ಬಿಗಿಯೋದು. ಆರ್ಡರ್ ಕೊಟ್ರೆ ಮುಂದಿನ ವಾರ," ಎಂದ.

"ಪರವಾಗಿಲ್ಲ, ಮುಂದಿನ ವಾರವೇ ಬರಲಿ," ಎಂದ ಕಮಲಾಕರ. ಆ ದನಿಯಲ್ಲಿದ್ದ ನೆಮ್ಮದಿಯನ್ನು ಅಂಬುಜಾ ಗುರುತಿಸಿದಳು.

"ಶನಿವಾರಕ್ಕೇನು?"

"ಶನಿವಾರ ನಾನೇ ಎಲ್ಲರನ್ನೂ ಬಿಡ್ತೀನಿ."

"ನಾವೇ ಐದು ಜನ. ನೀವೂ ಸೇರಿದ್ರೆ ಆರು. ನಾನೆಲ್ಲಿ ಕೂರಲಿ?"

ಕಮಲಾಕರ ಯೋಚಿಸಿದ. "ನೀನು ಆಟೋದಲ್ಲಿ ಬಾ."

ಬಾಬು ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದ. ಅಂಬುಜಾ ಗಂಡನನ್ನೇ ನೋಡಿದಳು. "ನೀವು ಕಾರಿಗೆ ಸಾಮಾನು ಹಾಕಿಸ್ತಿಲ್ಲ ರೀ. ನಂಗೂ ಸ್ಟಿಯರಿಂಗಿಗೂ ಮಧ್ಯೆ ಬೇಲಿ ಹಾಕಿಸ್ತಿದ್ದೀರಿ," ಎಂದಳು. ಅವನು ಗುಂಡು ಕನ್ನಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

ಶುಕ್ರವಾರ ಮಧ್ಯಾಹ್ನ ಜಯಲಕ್ಷ್ಮಮ್ಮನವರ ಫೋನು ಬಂತು.

"ಅಂಬುಜಾ, ನಿಮ್ಮ ಕಾರಲ್ಲಿ ಬಟ್ಟೆ ಸೀಟಲ್ವೇನೆ?"

"ಹೌದು ಮಾಮಿ. ಕವರು ಹಾಕಿದೆ."

"ಕಂಡ ಕಂಡವರು ಕೂತ ಬಟ್ಟೆ. ನಾನು ಮಡೀಲಿ ಬರೋಳು, ಅದರ ಮೇಲೆ ಹ್ಯಾಗೆ ಕೂರಲಿ? ಆಟೋನೇ ಮೇಲಮ್ಮ. ರೆಕ್ಸಿನ್ ಸೀಟು, ಒದ್ದೆ ಬಟ್ಟೇಲಿ ಒರೆಸಿ ಕೂತರಾಯ್ತು. ರಂಜನಿಗೂ ಮಿಕ್ಕವರಿಗೂ ಹೇಳಿಬಿಡ್ಲಾ?"

ಮಡಿಯ ವಿಷಯದಲ್ಲಿ ಜಯಲಕ್ಷ್ಮಮ್ಮನವರದು ಅವರದೇ ಕಾನೂನು. ಅಂಗಡಿಯ ಸಕ್ಕರೆ ನಡೆಯುತ್ತದೆ, ರವೆ ನಡೆಯುವುದಿಲ್ಲ. ಆಟೋ ನಡೆಯುತ್ತದೆ, ಕಾರು ನಡೆಯುವುದಿಲ್ಲ. ವಾದ ಮಾಡಿ ಗೆದ್ದವರಿಲ್ಲ. ಜಯಲಕ್ಷ್ಮಮ್ಮ ಆಟೋ ಹತ್ತಿದರೆ ಮಂಡಳಿ ಪೂರ್ತಿ ಆಟೋ ಹತ್ತುತ್ತದೆ, ಅಂಬುಜಾಳ ಡ್ರೈವಿಂಗು ಮಂಡಳಿಯ ತಮಾಷೆಗಳ ಪಟ್ಟಿಗೆ ಸೇರುತ್ತದೆ.

"ಯಾರಿಗೂ ಏನೂ ಹೇಳಬೇಡಿ ಮಾಮಿ. ನಾಳೆಗೆ ಬಟ್ಟೆ ಇರಲ್ಲ," ಎಂದಳು.

ಹಾಗೆಂದ ಮೇಲೆಯೇ ಅವಳಿಗೆ ಕವರಿನ ಕೆಳಗೆ ಏನಿದೆಯೆಂದು ತನಗೂ ಗೊತ್ತಿಲ್ಲ ಎನ್ನುವುದು ಹೊಳೆದದ್ದು.

ಸೀರೆ ಸೆರಗು ಸಿಕ್ಕಿಸಿ ಕೀಲಿ, ಕತ್ತರಿ ಹಿಡಿದು ಕೆಳಗಿಳಿದಳು. ಫ್ಲಾಟಿನ ಅಡಿಯ ಪಾರ್ಕಿಂಗಿನಲ್ಲಿ ಸೆಕೆ ಹಬೆಯಂತೆ ನಿಂತಿತ್ತು. ಮೊದಲು ಮೇಲಿನ ಕಂದು ಕವರಿನ ಕೊಕ್ಕೆಗಳನ್ನು ಬಿಚ್ಚಿದಳು. ಎಲಾಸ್ಟಿಕ್ಕು ಒಣಗಿ ಪಟಪಟನೆ ಹರಿಯಿತು. ಅದರ ಕೆಳಗೆ ಬೂದಿ ಬಣ್ಣದ್ದು, ಹಳೆಯ ಮಾಲೀಕನದು. ಅದರ ಮೇಲೆ ಯಾವುದೋ ಮಗು ಅಂಟಿಸಿದ ಜಿಂಕೆಯ ಸ್ಟಿಕ್ಕರು. ಎರಡರ ಮಧ್ಯೆ ಹೇರ್‌ಪಿನ್ನು, ಶೇಂಗಾ ಸಿಪ್ಪೆ, ಮಂತ್ರಾಲಯಕ್ಕೆ ಹೋಗಿಬಂದಾಗ ಉದುರಿದ ಮಂತ್ರಾಕ್ಷತೆಯ ಕಾಳು. ಬೂದಿ ಕವರು ಸೀಟಿನ ಬದಿಗೆ ಲಂಗದಂತೆ ಇಳಿಬಿದ್ದಿತ್ತು. ಅದನ್ನು ಹರಿದು ಎಳೆದಳು.

ಕೆಳಗೆ ಕಪ್ಪು ರೆಕ್ಸಿನ್. ಶೋರೂಮಿನಿಂದ ಇದೀಗ ಬಂದಂತೆ ಮಿರಮಿರ ಮಿಂಚುತ್ತಿತ್ತು. ಓಡಿಸುವ ಸೀಟಿನ ಬಲಬದಿಯಲ್ಲಿ, ಬಾಗಿಲ ಕಡೆ, ಒಂದು ಉದ್ದನೆಯ ಹಿಡಿಕೆಯೂ ಇತ್ತು.

ಅಂಬುಜಾ ಹತ್ತಿ ಕೂತು ಹಿಡಿಕೆಯನ್ನು ಮೇಲಕ್ಕೆ ಜಗ್ಗಿದಳು. ಕಟಕ್. ಸೀಟು ಒಂದಿಷ್ಟು ಏರಿತು. ಇನ್ನೊಮ್ಮೆ ಜಗ್ಗಿದಳು. ಜಗ್ಗುತ್ತಲೇ ಹೋದಳು. ಡ್ಯಾಶ್‌ಬೋರ್ಡು ಕೆಳಗಿಳಿಯಿತು, ಆಕಾಶ ಮೇಲಕ್ಕೆ ಸರಿಯಿತು, ಗಾಜಿನಾಚೆ ಬಿಳಿ ಬಾನೆಟ್ಟು ಅಗಲವಾಗಿ ಹರಡಿಕೊಂಡಿತು. ಕಾರಿಗೆ ಒಂದು ಮೂತಿ ಇದೆಯೆಂದು ಅವಳಿಗೆ ತಿಳಿದದ್ದು ಆಗಲೇ. ಕಾಲು ಚಾಚಿ ನೋಡಿದಳು, ಸೀಟು ಸ್ವಲ್ಪ ಮುಂದೆ ತಂದರೆ ಪೆಡಲು ಪೂರ್ತಿ ಒತ್ತಬಹುದು. ಬೆಲ್ಟು ಸೊಂಟದ ಮೇಲೆ ಸರಿಯಾಗಿ ಕೂತಿತು. ಬಾಬು ಹೇಳಿದ್ದು ನೆನಪಾಗಿ ಮೇಲಿನ ಮ್ಯಾಟನ್ನು ಎಳೆದು ಹೊರಗೆಸೆದಳು. ಒಬ್ಬಳೇ ಕೂತು ಜೋರಾಗಿ ನಕ್ಕಳು.

ಶಬ್ದ ಕೇಳಿ ಕಮಲಾಕರ ಓಡಿ ಬಂದ. ನೆಲದ ಮೇಲೆ ಕವರುಗಳ ರಾಶಿ.

"ಏನೇ ಇದು, ಕಾರಿನ ತಲೆ ಬೋಳಿಸ್ತಿದ್ದೀಯಾ?"

"ಬನ್ನಿ, ಕೂತು ನೋಡಿ. ಬಲಗಡೆ ಕೈ ಹಾಕಿ. ಮೇಲಕ್ಕೆ ಎಳೀರಿ."

ಅವನು ಕೂತು ಎಳೆದ. ಕಟಕ್. ಆಗಲೇ ಮೇಲಿದ್ದ ಸೀಟು ಇನ್ನಷ್ಟು ಏರಿ ಅವನ ಬೋಳು ತಲೆ ಚಾವಣಿಗೆ ಟಪ್ಪೆಂದು ತಾಗಿತು. ಹಾಗೆಯೇ ತಲೆ ವಾರೆ ಮಾಡಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಇಳಿದು, ಮಂಡಿಯೂರಿ, ಫೋನಿನ ಟಾರ್ಚು ಹಚ್ಚಿ ಸೀಟಿನ ಅಡಿಯನ್ನು ಕಾರ್ಖಾನೆಯಲ್ಲಿ ಬೋಗಿ ಪರೀಕ್ಷಿಸುವವನಂತೆ ಪರೀಕ್ಷಿಸಿದ.

"ಒಳ್ಳೇ ಫಿಟ್ಟಿಂಗು," ಎಂದ ಕೊನೆಗೆ. "ಇದು ಟಾಪ್ ಮಾಡೆಲ್ ಕಣೇ."

"ಇಷ್ಟು ವರ್ಷದಲ್ಲಿ ಒಂದು ಸಲ ಬಟ್ಟೆ ಬಿಚ್ಚಿ ನೋಡಬಾರದಿತ್ತಾ?"

"ಛೀ, ಮೆಲ್ಲಗೆ ಮಾತಾಡು. ವಾಚ್‌ಮನ್ ಇದ್ದಾನೆ."

ಇಬ್ಬರೂ ನಕ್ಕರು. ಅವನು ಮತ್ತೆ ಹತ್ತಿ ಕೂತು, ಕೀಲಿ ಎತ್ತಿಕೊಂಡು, ಸ್ಟಿಯರಿಂಗ್ ಹಿಡಿದೇ ನಗುತ್ತಿದ್ದ, ಇಳಿಯುವ ಲಕ್ಷಣ ಕಾಣಲಿಲ್ಲ. ಅಂಬುಜಾ ಕೈ ಚಾಚಿದಳು. ಅವನು ಸ್ವಲ್ಪ ತಡೆದು ಕೀಲಿ ಕೊಟ್ಟು ಪಕ್ಕದ ಸೀಟಿಗೆ ಹೋದ.

ವಡಪಳನಿಯವರೆಗೆ ಹೋಗಿ ಬಂದರು. ಮೊದಲ ಸಿಗ್ನಲ್ಲಿನ ತನಕ ಅವನ ಕೈ ಹ್ಯಾಂಡ್‌ಬ್ರೇಕಿನ ಮೇಲೆಯೇ ಇತ್ತು. "ಎಡಕ್ಕೆ, ಎಡಕ್ಕೆ, ಬಸ್ಸು, ಬಸ್ಸು," ಎನ್ನುತ್ತಿದ್ದ. "ಕಾಣ್ತಿದೆ ರೀ. ಈಗ ಎಲ್ಲಾ ಕಾಣ್ತಿದೆ," ಎಂದಳು ಅವಳು. ಹಿಂದಿರುಗುವಾಗ ಒಂದು ನಾಯಿ ಅಡ್ಡ ಬಂತು. ಬ್ರೇಕು ಬಿತ್ತು, ಕಾರು ನಿಂತಿತು, ಅಂಬುಜಾ ಕೂತಲ್ಲೇ ಇದ್ದಳು. ನಾಯಿ ದಾಟಿದ ಮೇಲೆ ನೋಡಿದರೆ ಅವನ ಕೈ ತೊಡೆಯ ಮೇಲಿತ್ತು. ಯಾವಾಗ ತೆಗೆದನೋ ಅವನಿಗೂ ಗೊತ್ತಿರಲಿಕ್ಕಿಲ್ಲ.

"ನಾಳೆ ನಾನು ಬರಲ್ಲ ಬಿಡು. ಜಾಗ ಎಲ್ಲಿದೆ?" ಎಂದ ಕಿಟಕಿಯಾಚೆ ನೋಡುತ್ತ. ಸ್ವಲ್ಪ ಹೊತ್ತು ಬಿಟ್ಟು, "ಬಾಬು ಅಂಗಡೀದು ಆ ಕ್ಯಾಮೆರಾ ಒಂದು ಇರಲಿ ಕಣೆ. ಒಳ್ಳೇ ಸಾಮಾನು," ಎಂದು ಸೇರಿಸಿದ.

ಶನಿವಾರ ಮಧ್ಯಾಹ್ನ ಬೋಳು ಸೀಟುಗಳನ್ನು ಅಂಬುಜಾ ಮೂರು ಸಲ ಒರೆಸಿದ್ದಳು. ಜಯಲಕ್ಷ್ಮಮ್ಮನವರು ತಮ್ಮದೇ ಒದ್ದೆ ಬಟ್ಟೆ ತಂದಿದ್ದರು, ನಾಲ್ಕನೆಯ ಸಲ ಒರೆಸಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ರಂಜನಿ, ಎದುರು ಮನೆಯ ಅತ್ತೆ ಸೊಸೆ, ಅವರ ತೊಡೆಗಳ ಮೇಲೆ ಶ್ರುತಿಪೆಟ್ಟಿಗೆ, ತಾಳ, ಕೋಸಂಬರಿಯ ಡಬ್ಬಿ. ಕಮಲಾಕರ ಗೇಟಿನ ಹೊರಗೆ ನಿಂತು ಕೈ ಬೀಸಿ, "ಬಾ, ಬಾ, ಬಾ, ಸಾಕು ಸಾಕು ಸಾಕು!" ಎಂದು ಬೀದಿಗೆಲ್ಲ ಕೇಳುವಂತೆ ರಿವರ್ಸ್ ಹಾಕಿಸಿದ.

ಆರ್ಕಾಟ್ ರೋಡು ಮೆಟ್ರೊ ಕೆಲಸಕ್ಕೆ ಅರ್ಧಂಬರ್ಧ ಅಗೆದು ಬಿದ್ದಿತ್ತು. ತಗಡಿನ ಬೇಲಿಗಳ ನಡುವೆ ಬಸ್ಸು, ನೀರಿನ ಲಾರಿ, ಎಲ್ಲಿಂದಲೋ ನುಗ್ಗುವ ಬೈಕುಗಳು. ವಿರುಗಂಬಾಕ್ಕಂವರೆಗೆ ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಒಂದು ಕಡೆ ಸರ್ಕಾರಿ ಬಸ್ಸೊಂದು ಮೈಗೆ ಮೈ ತಾಗುವಂತೆ ಬಂದು ನಿಂತಿತು. ಡ್ರೈವರು ಮೇಲಿನಿಂದ ನೋಡಿದ. ಐದು ಹೆಂಗಸರು, ಐದೂ ತಲೆಯಲ್ಲಿ ಮಲ್ಲಿಗೆ. ನಕ್ಕು, ಮೊದಲು ನೀವು ಹೋಗಿ ಎಂದು ಕೈ ತೋರಿಸಿದ. ಅಂಬುಜಾ ಗೇರು ಬದಲಿಸಿ ಅವನ ಮುಂದಿನಿಂದ ದಾಟಿದಳು.

"ಭೇಷ್!" ಎಂದರು ಜಯಲಕ್ಷ್ಮಮ್ಮ.

ಕಮಲಾಕರನ ಕರೆ ಬಂತು. ಅಂಬುಜಾಳ ಫೋನನ್ನು ರಂಜನಿ ಎತ್ತಿದಳು. "ಹಾಂ ಅಣ್ಣಾ. ಇಲ್ಲ, ಅವರು ಮಾತಾಡಲ್ಲ, ಗಾಡಿ ಓಡಿಸ್ತಿದ್ದಾರೆ. ಇಲ್ಲಣ್ಣಾ, ಎಲ್ಲೂ ತಾಗಿಲ್ಲ. ಎಡಕ್ಕೇ ಹೋಗ್ತಿದ್ದೀವಿ. ಇಡ್ತೀನಿ."

ವಳಸರವಾಕ್ಕಂ ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಯಾರೋ ತಾಳ ತಟ್ಟಿದರು, ಇನ್ಯಾರೋ ಶ್ರುತಿ ಹಿಡಿದರು. ಮನೆಗೆಂದು ಇಟ್ಟುಕೊಂಡಿದ್ದ ಹಾಡುಗಳಲ್ಲಿ ಅರ್ಧ ದಾರಿಯಲ್ಲೇ ಮುಗಿದವು. ಜಯಲಕ್ಷ್ಮಮ್ಮ ಕಿಟಕಿಯ ಗಾಜು ಇಳಿಸಿ, ಗಾಳಿಗೆ ಮುಖ ಕೊಟ್ಟು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು.

ಪೋರೂರಿನಲ್ಲಿ ಕೆರೆಯ ಪಕ್ಕದ ಬೀದಿಗೆ ತಿರುಗಿದಾಗ ಶ್ರೀಪ್ರಿಯಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ಗೇಟಿನಲ್ಲೇ ನಿಂತಿದ್ದಳು. ಅಂಬುಜಾ ಕಾರು ನಿಧಾನಿಸಿದಳು. ಹಿಂದಿನವರು ಡಬ್ಬಿ ಪೆಟ್ಟಿಗೆ ಎತ್ತಿಕೊಂಡರು. ಜಯಲಕ್ಷ್ಮಮ್ಮನವರು ಮಾತ್ರ ಅಲ್ಲಾಡಲಿಲ್ಲ. ಬೆಲ್ಟಿಗೆ ಕೈಯನ್ನೂ ಹಾಕಲಿಲ್ಲ. ಮುಂದೆ ಖಾಲಿ ಬಿದ್ದಿದ್ದ ಕೆರೆಯಂಚಿನ ರಸ್ತೆಯನ್ನೇ ನೋಡುತ್ತಿದ್ದರು.

"ಅಂಬುಜಾ," ಎಂದರು ಮೆಲ್ಲಗೆ, "ಹೊತ್ತಾಗಿಲ್ಲ ಅಲ್ವಾ? ಇನ್ನೊಂದು ಸುತ್ತು ಹೋಗಿ ಬರೋಣವೇನೆ?"

ಅಂಬುಜಾ ಬ್ರೇಕಿನಿಂದ ಕಾಲು ತೆಗೆದಳು. ಕಾರು ಗೇಟಿನ ಮುಂದೆಯೇ ಹಾದು ಹೋಯಿತು. ಕನ್ನಡಿಯಲ್ಲಿ ಶ್ರೀಪ್ರಿಯಾ ತಟ್ಟೆ ಹಿಡಿದು ರಸ್ತೆಯ ನಡುವಿಗೆ ಬಂದು ನಿಂತದ್ದು ಕಾಣಿಸಿತು. ಅವಳು ಚಿಕ್ಕದಾಗುತ್ತ ಹೋದಳು. ಪಕ್ಕದಲ್ಲಿ ಕೆರೆಯ ನೀರು ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು.