ಮಾವನ ಪಾತಿಯಲ್ಲಿ ಚೂಟಿಯ ಅಕ್ಷರ

ಮಳೆಗಾಲ ಮುಗಿದು ಬಿಸಿಲು ಬಲಿತಿತ್ತು. ಸಮುದ್ರದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹಾಯಿಸಿ, ಬಿಸಿಲಲ್ಲಿ ಆರಿಸಿ ಉಪ್ಪು ತೆಗೆಯುವ ಕಾಲ. ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ಪಾತಿಗೆ ಇಳಿದಿದ್ದರು. ಗಂಡ ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಅಂಚಿಗೆ ಎಳೆಯುತ್ತಿದ್ದ. ಹೆಂಡತಿ ಅದನ್ನು ಬುಟ್ಟಿಗೆ ತುಂಬಿ, ನೀರು ಬಸಿಯುವ ತನಕ ಬದುವಿನ ಮೇಲಿಟ್ಟು, ಆಮೇಲೆ ತಲೆಯ ಮೇಲೆ ಹೊತ್ತು ರಾಶಿಗೆ ಸುರಿಯುತ್ತಿದ್ದಳು. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಉಪ್ಪು ಗಟ್ಟಿಯಾಗಿ ಬಲಿಯದ ಪಾತಿಗೆ ಹಲಗೆ ಹಾಕಿದರೆ ತಳದ ಕೆಸರು ಎದ್ದು ಬಿಳಿ ಉಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಅವರ ಮಗಳಿಗೆ ಐದು ತುಂಬಿತ್ತು. ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಹುಡುಗಿ. ಪಕ್ಕದ ಪಾತಿಯ ಮೀಸೆ ಮಾವ ಅವಳಿಗೆ ‘ಚೂಟಿ’ ಎಂದು ಹೆಸರಿಟ್ಟಿದ್ದ. ಈಗ ಅಪ್ಪ ಅಮ್ಮನೂ ಹಾಗೆಯೇ ಕರೆಯುತ್ತಿದ್ದರು. ಉಪ್ಪಿನ ಕಾಲವಿಡೀ ಅವರ ವಾಸ ಪಾತಿಗಳ ನಡುವಿನ ಗುಡಿಸಲಲ್ಲಿ. ಶಾಲೆ ಹಿನ್ನೀರಿನ ಆಚೆ ದಡದಲ್ಲಿತ್ತು. ಅಷ್ಟು ಚಿಕ್ಕ ಮಗುವನ್ನು ದಿನಾ ದೋಣಿ ದಾಟಿಸಿ ಕಳಿಸುವ ಹಾಗಿರಲಿಲ್ಲ. ಮುಂದಿನ ವರ್ಷ ಹೇಗೂ ಒಂದನೇ ತರಗತಿಗೆ ಸೇರಿಸಬೇಕು. ಅಲ್ಲಿಯವರೆಗೆ ಮನೆಯೇ ಶಾಲೆ, ಅಪ್ಪನೇ ಮೇಷ್ಟರು.

ಮೇಷ್ಟರಿಗೆ ತಾಳ್ಮೆ ಕಡಿಮೆ. ಸಂಜೆ ಕೈಕಾಲು ತೊಳೆದು ಬಂದವನೇ ಸ್ಲೇಟಿನ ತುಂಬ ಅಕ್ಷರ ಬರೆದು ಮಗಳ ಮುಂದಿಡುತ್ತಿದ್ದ.

“ತಿದ್ದು.”

ಚೂಟಿ ತಿದ್ದುವಳು. ಬಳಪ ಜಾರುವುದು. ಕಿವಿ ಹಿಂಡಿಸಿಕೊಳ್ಳುವಳು. ಕೊನೆಕೊನೆಗೆ ಸ್ಲೇಟು ಗೂಟದಿಂದ ಇಳಿದ ಸದ್ದು ಕೇಳಿದರೆ ಸಾಕು, ಹುಡುಗಿ ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂರುತ್ತಿದ್ದಳು.

ಅವತ್ತೂ ಹಾಗೇ ಆಯಿತು. ಅಪ್ಪ ಸ್ಲೇಟನ್ನು ಮೂಲೆಗೆ ಎಸೆದ.

“ಇದು ಆಗೋ ಹೋಗೋ ಮಾತಲ್ಲ. ಮಳೆ ಶುರುವಾಗೋ ಹೊತ್ತಿಗೆ ನಾಲ್ಕಕ್ಷರ ಬರಲಿಲ್ಲ ಅಂದ್ರೆ ಪಟ್ಟಣದಲ್ಲಿ ನಮ್ಮಕ್ಕನ ಮನೇಲಿ ಬಿಟ್ಟು ಬರ್ತೀನಿ. ಅವರ ಪಕ್ಕದ ಬೀದೀಲೇ ಶಾಲೆ ಇದೆ.”

“ಇಷ್ಟು ಪುಟ್ಟ ಮಗೂನಾ? ಅಲ್ಲಿ ರಾತ್ರಿ ಅತ್ರೆ ಯಾರು ಎತ್ಕೋತಾರೆ?”

“ಈಗ ಅತ್ರೂ ಪರವಾಗಿಲ್ಲ. ನನ್ನ ಥರ ಜೀವಮಾನವಿಡೀ ಉಪ್ಪಲ್ಲಿ ಕಾಲು ಒಡೆಸಿಕೊಂಡು ಅಳೋದು ಬೇಡ.”

ಅವನ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಅದು ಅಮ್ಮನಿಗೆ ಗೊತ್ತಿತ್ತು. ಮಗಳನ್ನು ಡ್ರಮ್ಮಿನ ಹಿಂದಿನಿಂದ ಎತ್ತಿಕೊಂಡು ಬಂದು ಮಗ್ಗುಲಲ್ಲಿ ಮಲಗಿಸಿಕೊಂಡಳು.

ಪಾತಿಗಳ ಕಡೆಯ ಮಕ್ಕಳ ತೂಕ ನೋಡಲು, ತಾಯಂದಿರಿಗೆ ನಾಲ್ಕು ಮಾತು ಹೇಳಲು ಒಬ್ಬ ಕಾರ್ಯಕರ್ತೆ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಎಲ್ಲರಿಗೂ ಅವಳು ಸೈಕಲ್ ಅಕ್ಕ.

“ಏನಮ್ಮಾ, ಕಣ್ಣು ಕೆಂಪಾಗಿದೆ? ಉಪ್ಪು ಬಿತ್ತಾ, ಅತ್ತಿದ್ದೀಯಾ?”

“ಎರಡೂ ಅಕ್ಕಾ,” ಎಂದು ಅಮ್ಮ ಎಲ್ಲ ಹೇಳಿಕೊಂಡಳು.

ಅಕ್ಕ ಡ್ರಮ್ಮಿನ ಕಡೆ ತಿರುಗಿ, “ಚೂಟೀ, ಬಾ ಇಲ್ಲಿ. ನಾನು ಸ್ಲೇಟು ತಂದಿಲ್ಲ, ನೋಡು ಕೈ ಖಾಲಿ,” ಎಂದಳು. ಒಂದು ಕಣ್ಣು ಇಣುಕಿತು. ಆಮೇಲೆ ಇಡೀ ಹುಡುಗಿ ಬಂದಳು.

ಅಕ್ಕ ಊಟದ ತಟ್ಟೆಗೆ ಒಂದು ಬೊಗಸೆ ಪುಡಿ ಉಪ್ಪು ಸುರಿದು ಅಂಗೈಯಿಂದ ಸವರಿದಳು.

“ನಿನ್ನ ಹೆಸರು ಯಾವ ಸದ್ದಿಂದ ಶುರು?”

“ಚೂ!”

“ಚ ಚ ಚ... ಇನ್ನೇನೇನು ಇದೆ ಮನೇಲಿ?”

“ಚಮಚ! ಚಪ್ಪಲಿ! ಚಾಪೆ!” ಚೂಟಿ ಒಳಗೆ ಓಡಿ ಚಮಚ ತಂದೇಬಿಟ್ಟಳು.

ಅಕ್ಕ ಉಪ್ಪಿನಲ್ಲಿ ಬೆರಳಾಡಿಸಿ ಒಂದು ‘ಚ’ ಬರೆದಳು. ಚೂಟಿ ಅದರ ಮೇಲೆ ಬೆರಳೆಳೆದಳು. ಆಮೇಲೆ ಪಕ್ಕದಲ್ಲಿ ತಾನೇ ಬರೆದಳು. ಅಕ್ಷರ ಸೊಟ್ಟಗಾಯಿತು. ತಕ್ಷಣ ಕಿವಿ ಮುಚ್ಚಿಕೊಂಡು ಕೂತಳು.

ಅಕ್ಕ ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದಳು. ಉಪ್ಪು ಮತ್ತೆ ನುಣ್ಣಗಾಯಿತು.

“ಎಲ್ಲಿ ಹೋಯ್ತು ತಪ್ಪು?”

ಚೂಟಿ ತಟ್ಟೆಯ ಕೆಳಗೂ ನೋಡಿದಳು. “ಹೋಯ್ತು!” ಎಂದು ಕಿಲಕಿಲ ನಕ್ಕಳು. ತಾನಾಗಿಯೇ ಇನ್ನೊಂದು ಬರೆದಳು.

ಅಷ್ಟರಲ್ಲಿ ಅಪ್ಪ ಹಲಗೆ ಹೆಗಲಿಗಿಟ್ಟುಕೊಂಡು ಬಂದ. “ಏನಕ್ಕಾ ಇದು, ಊಟದ ತಟ್ಟೇಲಿ ಆಟ?”

“ಆಟಾನೇ. ಈ ವಯಸ್ಸಲ್ಲಿ ಪಾಠ ಅಂದ್ರೆ ಆಟಾನೇ.”

“ನಾವೆಲ್ಲ ಏಟು ತಿಂದೇ ಕಲಿತದ್ದು.”

“ಎಷ್ಟು ಕಲಿತೆಪ್ಪಾ?”

ಅಪ್ಪ ಮೀಸೆಯೊಳಗೇ ನಕ್ಕ. “ಎಲ್ಲಿ ಕಲಿತೆ... ಕೊನೇ ಬೆಂಚಿಂದ ಎದ್ದು ಬೇಲಿ ಹಾರಿ ಬಂದೆ.”

“ಹಾಗಾದ್ರೆ ಏಟು ಕಲಿಸಿದ್ದು ಬೇಲಿ ಹಾರೋದನ್ನ. ನೋಡು, ನಿನ್ನ ಕೆಲಸದ ಮಾತೇ ಹೇಳ್ತೀನಿ. ಬಲಿಯದ ಪಾತಿಗೆ ಹಲಗೆ ಹಾಕ್ತೀಯಾ?”

“ಯಾರಾದ್ರೂ ಹಾಕ್ತಾರಾ? ಕೆಸರು ಏಳುತ್ತೆ.”

“ಈ ಬೆರಳು ನೋಡು, ಇನ್ನೂ ಎಳಸು. ಹಿಟ್ಟು ನಾದಲಿ, ಮಣ್ಣು ಮೆತ್ತಲಿ, ಉಪ್ಪಲ್ಲಿ ಗೀಚಲಿ. ಬಿಗಿ ಬಂದ ಮೇಲೆ ಬಳಪ ತಾನಾಗೇ ಹಿಡೀತಾಳೆ. ಲೆಕ್ಕಾನೂ ಹಾಗೇ. ಬಾಯಲ್ಲಿ ನೂರರವರೆಗೆ ಒದರಿಸೋದು ಬೇಡ. ಕೈಯಲ್ಲಿ ಮುಟ್ಟಿ, ಇಟ್ಟು, ತೆಗೆದು ನೋಡಲಿ.”

ಅಪ್ಪನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಮಳೆ ಬರೋವರೆಗೆ ನೋಡ್ತೀನಿ. ಅಕ್ಷರ ಬರಲಿಲ್ಲ ಅಂದ್ರೆ ನಮ್ಮಕ್ಕನ ಮನೆಗೇ,” ಎಂದು ಹೇಳಿ ಹೋದ. ಮೂಲೆಯಿಂದ ಗೂಟಕ್ಕೆ ಮರಳಿದ್ದ ಸ್ಲೇಟು ಮಾತ್ರ ಅಲ್ಲೇ ಉಳಿಯಿತು.

ಅಮ್ಮ ಹಿಡಿದ ಕೆಲಸ ಬಿಡುವವಳಲ್ಲ. ಆದರೆ ಮೊದಲ ದಿನವೇ ಆಸೆ ಹೆಚ್ಚಾಗಿ, ಒಂದೇ ಉಸಿರಿಗೆ ತನಗೆ ಬರುವ ಅಕ್ಷರಗಳನ್ನೆಲ್ಲ ಬರೆಸಲು ಹೋದಳು. ಚೂಟಿ ತಟ್ಟೆ ಬೋರಲು ಹಾಕಿ ಓಡಿದಳು. ಅಮ್ಮನಿಗೆ ಬುದ್ಧಿ ಬಂತು. ಮರುದಿನದಿಂದ ಒಂದೇ ಅಕ್ಷರ. ಮಗಳು “ಇನ್ನೊಂದ್ಸಲ ಅಮ್ಮಾ” ಎಂದು ಬೇಡುವಾಗಲೇ ನಿಲ್ಲಿಸುತ್ತಿದ್ದಳು. ಇದರಿಂದ ನಾಳೆಯ ಪಾಠಕ್ಕೆ ಹುಡುಗಿ ತಾನಾಗಿ ತಟ್ಟೆ ಹಿಡಿದು ಬರುವಂತಾಯಿತು.

ಅದಕ್ಕಾಗಿ ಬೇರೆ ಹೊತ್ತು ತೆಗೆಯಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಚೂಟಿ ತಟ್ಟೆ ಹಾಕುವಳು: ಇದು ಅಪ್ಪಂಗೆ, ಇದು ಅಮ್ಮಂಗೆ, ಇದು ನಂಗೆ. ಮೀಸೆ ಮಾವ ಊಟಕ್ಕೆ ಬಂದ ದಿನ, “ಒಂದು ಕಡಿಮೆ!” ಎಂದು ಕೂಗಿ ಮತ್ತೊಂದು ತರುವಳು. ನೀರು ತುಂಬುವಾಗ, “ಈ ಬಕೆಟ್ಟಿಗೆ ಎಷ್ಟು ಚೊಂಬು ಹಿಡಿಯುತ್ತೆ, ಮೊದಲು ಊಹಿಸಿ ಹೇಳು” ಎನ್ನುವಳು ಅಮ್ಮ. ಊಹೆ ತಪ್ಪಿದರೂ ನಗು, ಸರಿಯಾದರೂ ನಗು. ಬದುವಿನ ಮೇಲೆ ಒಂದು ಕಲ್ಲು, ಒಂದು ಕಡ್ಡಿ, ಒಂದು ಕಲ್ಲು... ಮುಂದೆ ಏನು ಬರಬೇಕು? ರಾತ್ರಿ ಮಲಗುವಾಗ ಬೆನ್ನಿನ ಮೇಲೆ ಬೆರಳಲ್ಲಿ ಅಕ್ಷರ ಬರೆದು “ಯಾವುದು ಹೇಳು?” ಎಂಬ ಆಟ. ಆಮೇಲೆ ಒಂದು ಕಥೆ. ಕಥೆಯ ಕೊನೆಯನ್ನು ಚೂಟಿಯೇ ಕಟ್ಟಬೇಕು.

ಮೀಸೆ ಮಾವ ಬದುವಿನ ಆಚೆಯಿಂದ ಕಾಲೆಳೆಯುತ್ತಿದ್ದ: “ಏನು ಟೀಚರಮ್ಮಾ, ಇವತ್ತು ಬಕೆಟ್ಟು ಪಾಸಾ, ಫೇಲಾ?”

“ನೀವೇ ಬಂದು ಕೂತ್ಕೊಳಿ ಮಾವ, ನಿಮ್ಮನ್ನೂ ಪಾಸ್ ಮಾಡ್ತೀನಿ.”

“ಅಯ್ಯೋ, ನನ್ನ ತಲೆ ಗಟ್ಟಿ ಉಪ್ಪು ಕಣಮ್ಮಾ. ನೀರಲ್ಲೂ ಕರಗಲ್ಲ.”

ಅಪ್ಪ ಈ ಆಟಗಳನ್ನು ದೂರದಿಂದ ನೋಡುತ್ತಿದ್ದ. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ಬಿಸಿಲು ಏರುತ್ತಾ ಹೋಯಿತು. ಪಟ್ಟಣಕ್ಕೆ ಕಳಿಸುವ ಮಾತನ್ನು ಅವನೂ ತೆಗೆಯಲಿಲ್ಲ, ಅಮ್ಮನೂ ಕೇಳಲಿಲ್ಲ. ಆದರೆ ಮೋಡದ ಒಂದು ತುಂಡು ಕಂಡರೂ ಅವಳು ಬುಟ್ಟಿ ಹೊತ್ತಲ್ಲೇ ನಿಂತು ಮಗಳ ಕಡೆ ತಿರುಗಿ ನೋಡುತ್ತಿದ್ದಳು.

ಒಂದು ಬೆಳಗ್ಗೆ ಮೀಸೆ ಮಾವನ ಕೂಗು ಪಾತಿಗಳ ಮೇಲೆಲ್ಲ ಹಾರಿ ಬಂತು.

“ಯಾರೋ ಅದು ನನ್ನ ಪಾತಿ ಕೆಡಿಸಿದ್ದು! ಇನ್ನೆರಡು ಬಿಸಿಲು ಬೇಕಿತ್ತಲ್ಲೋ ಅದಕ್ಕೆ!”

ಎಲ್ಲರೂ ಓಡಿದರು. ನುಣ್ಣಗೆ ಕೆನೆಗಟ್ಟುತ್ತಿದ್ದ ಮಾವನ ಪಾತಿಯನ್ನು ಯಾರೋ ಕೋಲಿನಿಂದ ಉದ್ದಕ್ಕೂ ಗೀಚಿದ್ದರು. ಗೀಚಿದ ಕಡೆಯೆಲ್ಲ ಕೆಸರು ಎದ್ದು ಕರಿ ಗೆರೆಗಳು ಮೂಡಿದ್ದವು. ಬದುವಿನ ಮೇಲೆ ಪುಟ್ಟ ಹೆಜ್ಜೆ ಗುರುತು. ಕೋಲೂ ಅಲ್ಲೇ ಬಿದ್ದಿತ್ತು.

“ಚೂಟೀ!” ಅಪ್ಪ ಗುಡುಗಿದ. ಕೈ ಎತ್ತಿಯೇ ಮಗಳ ಕಡೆ ತಿರುಗಿದ. ಅಮ್ಮ ಅಡ್ಡ ಬಂದಳು.

ಚೂಟಿ ಅಡಗಲಿಲ್ಲ. ಅಮ್ಮನ ಸೆರಗಿನ ಪಕ್ಕದಿಂದಲೇ ಹೇಳಿದಳು: “ನಮ್ಮ ತಟ್ಟೆ ಚಿಕ್ಕದು ಅಪ್ಪಾ. ಮಾವನ ತಟ್ಟೆ ದೊಡ್ಡದು. ಅದಕ್ಕೆ ದೊಡ್ಡದಾಗಿ ಬರೆದೆ.”

“ಬರೆದೆಯಾ?”

ಅಪ್ಪ ಪಾತಿಯ ಕಡೆ ನೋಡಿದ. ಬದುವಿನ ಆ ತುದಿಗೆ ನಡೆದು ಹೋಗಿ ಅಲ್ಲಿಂದ ನೋಡಿದ. ಎತ್ತಿದ ಕೈ ತಾನಾಗಿ ತನ್ನದೇ ತಲೆಯ ಮೇಲೆ ಬಂತು.

“ಏನೋ ಅದು? ಏನು ಹಾಗೆ ನಿಂತೆ?” ಮೀಸೆ ಮಾವ ಕೇಳಿದ. ಅವನಿಗೆ ಓದು ಬರುತ್ತಿರಲಿಲ್ಲ.

“ಮಾವಾ... ‘ಮಾವ’ ಅಂತ ಬರೆದಿದ್ದಾಳೆ.”

“ಯಾವ ಮಾವ?”

“ಇನ್ಯಾವ ಮಾವ? ನೀನೇ.”

ಮೀಸೆ ಮಾವ ಬೈಗುಳ ಮರೆತ. ಬಾಗಿ, ಕಣ್ಣು ಕಿರಿದು ಮಾಡಿ, ಆ ಕರಿ ಗೆರೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

ಅಪ್ಪ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಇದನ್ನ ಅಮ್ಮ ಬರೆದು ತೋರಿಸಿದ್ಲಾ?”

“ಇಲ್ಲ. ‘ಅಮ್ಮ’ದಲ್ಲಿ ಮ ಇತ್ತು, ‘ಚಾಪೆ’ಯಲ್ಲಿ ದೀರ್ಘ ಇತ್ತು. ವ ಬೆನ್ನ ಮೇಲೆ ಆಡಿದ್ವಿ. ಮಾವನ ಪಾತಿಗೆ ಮಾವನ ಹೆಸರು ಇರಲಿಲ್ಲ. ನಾನೇ ಕೂಡಿಸಿದೆ.”

ಅಪ್ಪ ಮಗಳ ತಲೆ ಸವರಿದ. ಅಮ್ಮನಿಗಂತೂ ನಗುವೂ ಅಳುವೂ ಒಟ್ಟಿಗೇ ಬಂದವು. ಮೀಸೆ ಮಾವನೇ ಮೊದಲು ಗಟ್ಟಿಯಾಗಿ ನಕ್ಕ. “ಏ, ಯಾರೂ ಹಲಗೆ ಹಾಕಬೇಡಿ! ನನ್ನ ಹೆಂಡತಿ ಬಂದು ನೋಡಲಿ. ಇಷ್ಟು ವರ್ಷ ನನ್ನನ್ನು ‘ಏಯ್’ ಅಂತ ಕರೆದವಳು ಅವಳು.”

ಅವಳೂ ಬಂದು ನೋಡಿದ ಮೇಲೆ ಅಪ್ಪ ಹೇಳಿದ: “ಮಾವಾ, ತಪ್ಪು ತಪ್ಪೇ. ನಿನ್ನ ಪಾತೀಲಿ ಎಷ್ಟು ಬುಟ್ಟಿ ಕೆಟ್ಟ ಉಪ್ಪು ಬರುತ್ತೋ, ನನ್ನ ರಾಶಿಯಿಂದ ಅಷ್ಟು ಬುಟ್ಟಿ ಬಿಳಿ ಉಪ್ಪು ನಿನಗೆ.”

“ಬಿಡೋ, ಮಗು ಮಾಡಿದ್ದು.”

“ಇಲ್ಲ, ಸಾಲ ಸಾಲವೇ.” ಆಮೇಲೆ ಮಗಳಿಗೂ ಹೇಳಿದ, ಮೆತ್ತಗೆ: “ಇನ್ಮೇಲೆ ಬಲಿಯೋ ಪಾತಿ ಮುಟ್ಟಬಾರದು. ಬರೆಯೋಕೆ ಬದು ಇದೆ, ಅಂಗಳ ಇದೆ. ಆಯ್ತಾ?”

ಚೂಟಿ ತಲೆಯಾಡಿಸಿದಳು.

ಕೆಟ್ಟ ಪಾತಿಯ ಉಪ್ಪು ಎಳೆದು ತೆಗೆಯುವ ಕೆಲಸ ಶುರುವಾಯಿತು. ಬೂದಿ ಬಣ್ಣದ ಉಪ್ಪಿನ ಒಂದೊಂದು ಬುಟ್ಟಿ ಎದ್ದ ಹಾಗೆಲ್ಲ ಚೂಟಿ ಬದುವಿನ ಮೇಲೆ ಒಂದೊಂದು ಕಪ್ಪೆಚಿಪ್ಪು ಇಡುತ್ತಾ ಹೋದಳು. ಯಾರೂ ಹೇಳಿರಲಿಲ್ಲ. ಪಾತಿ ಬರಿದಾದ ಮೇಲೆ ಅಪ್ಪ ತನ್ನ ರಾಶಿಯಿಂದ ಬಿಳಿ ಉಪ್ಪು ಹೊತ್ತು ತಂದು ಮಾವನ ರಾಶಿಗೆ ಸುರಿಯತೊಡಗಿದ. ಒಂದು ಬುಟ್ಟಿ ಬಿದ್ದರೆ ಒಂದು ಚಿಪ್ಪು ಚೂಟಿಯ ಲಂಗದ ಮಡಿಲಿಗೆ ಹೋಗುತ್ತಿತ್ತು. ದೊಡ್ಡವರು ಮಳೆ, ಗಾಳಿ, ಅವರಿವರ ಸುದ್ದಿ ಮಾತಾಡುತ್ತಾ ಲೆಕ್ಕ ಮರೆತರು.

“ಸರಿ ಮಾವಾ, ಮುಗೀತು,” ಅಪ್ಪ ಬೆವರು ಒರೆಸಿಕೊಂಡ.

“ಮುಗೀತು, ಮುಗೀತು. ನನಗೂ ಹಾಗೇ ಅನ್ನಿಸ್ತು.”

“ಮುಗಿದಿಲ್ಲ!” ಚೂಟಿ ಎದ್ದು ನಿಂತಳು. “ಇನ್ನೂ ಒಂದು ಚಿಪ್ಪು ಇದೆ.”

ಇಬ್ಬರೂ ಬದುವಿನ ಕಡೆ ನೋಡಿದರು. ಒಂಟಿ ಚಿಪ್ಪು ಬಿಸಿಲಿಗೆ ಮಿನುಗುತ್ತಿತ್ತು. ಅಪ್ಪ ತಲೆ ಎತ್ತಿ ಗಟ್ಟಿಯಾಗಿ, ಪಾತಿಗಳಾಚೆಗೂ ಕೇಳುವ ಹಾಗೆ ನಕ್ಕ. ಖಾಲಿ ಬುಟ್ಟಿಯನ್ನು ತಿರುಗಿ ಎತ್ತಿಕೊಂಡು ಹೆಂಡತಿಗೆ ಹೇಳಿದ: “ನಮ್ಮಕ್ಕನಿಗೆ ಹೇಳಿ ಕಳಿಸು. ಚೂಟಿ ಬರಲ್ಲ, ಇಲ್ಲೇ ಓದ್ತಾಳೆ ಅಂತ.”

ಅಮ್ಮ ತಾನೇ ಹೋಗಿ ರಾಶಿಯಿಂದ ಆ ಬುಟ್ಟಿಯನ್ನು ಕಂಠದವರೆಗೆ ತುಂಬಿಕೊಟ್ಟಳು.

ಈ ಕಥೆ ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಪಕ್ಕ ಉಪ್ಪಿನ ಪಾತಿ ಇಲ್ಲದಿರಬಹುದು. ಒಂದು ತಟ್ಟೆ, ಒಂದು ಹಿಡಿ ಮರಳೋ ಹಿಟ್ಟೋ ಇದ್ದೇ ಇರುತ್ತದೆ. ಮಗುವಿನ ಹೆಸರಿನ ಮೊದಲ ಅಕ್ಷರದಿಂದ ಇವತ್ತೇ ಶುರು ಮಾಡಿ. ಬಟ್ಟೆ ಮಡಚುವಾಗ ಜೋಡಿ ಹುಡುಕಿಸಿ, ಅಡುಗೆ ಮಾಡುವಾಗ ಅಳೆಯಲು ಬಿಡಿ, ಮಲಗುವಾಗ ಒಂದು ಕಥೆ ಹೇಳಿ. ಚಿಕ್ಕ ಕಾಳು, ಗುಂಡಿಗಳನ್ನು ಕೊಟ್ಟಾಗ ಜೊತೆಯಲ್ಲೇ ಕೂತಿರಿ. ತಪ್ಪಿದರೆ ನಗಿ, ಹೊಡೆಯಬೇಡಿ. ಮಗು ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಎಣಿಸಲು, ಮಾತಾಡಲು, ಕಥೆ ಹೇಳಲು ನಿಮಗೆ ಬರುತ್ತದೆ. ಮಗುವಿಗೆ ಬೇಕಾದದ್ದು ದಿನಕ್ಕೆ ಸ್ವಲ್ಪ ಹೊತ್ತು, ಪಕ್ಕದಲ್ಲಿ ಕೂತ ನೀವು.

ಅಂದ ಹಾಗೆ, ಮೀಸೆ ಮಾವನ ಸಾಲ ಪೂರ್ತಿ ತೀರಿತು. ಕೊನೆಯ ಬುಟ್ಟಿ ಬಿದ್ದದ್ದನ್ನು ನೋಡಿಯೇ ಚೂಟಿ ಚಿಪ್ಪು ಎತ್ತಿಕೊಂಡಳು.