ಐವತ್ತೊಂದು ವಾರದ ಆಳು

ಬೇ ಏರಿಯಾದ ಕನ್ನಡಿಗರು ಎದುರುಬದುರಾದರೆ ಊಟ ಆಯ್ತಾ ಎಂದು ಕೇಳುವುದಿಲ್ಲ, ಸೆಟಲ್ ಆದ್ರಾ ಎಂದು ಕೇಳುತ್ತಾರೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತಿದ್ದರೂ ಅದೇ ಪ್ರಶ್ನೆ. ಒಂಬತ್ತು ವರ್ಷದಿಂದ ಅದನ್ನು ಕೇಳಿ ಕೇಳಿ ಸಿಂಧುವಿನ ಕಿವಿ ತೂತಾಗಿತ್ತು. ಕ್ಯಾಂಪ್‌ಬೆಲ್‌ನಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟು, ಇಲ್ಲೇ ಹುಟ್ಟಿದ ಮಗಳು ಕಾವ್ಯಾ, ರೆಡ್‌ವುಡ್ ಸಿಟಿಯಲ್ಲಿ ಕೆಲಸ, ಎಲ್ಲ ಇತ್ತು. ಇಲ್ಲದಿದ್ದದ್ದು ಇಲ್ಲಿ ಉಳಿಯುವ ಹಕ್ಕು ಒಂದೇ.

ಆ ಹಕ್ಕು ಈಗ ಹೊಸ್ತಿಲವರೆಗೆ ಬಂದಿತ್ತು. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ್ದ ಅರ್ಜಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಒಪ್ಪಿಗೆಯಾಗಿ ನೂರ ಎಂಬತ್ತು ದಿನ ತುಂಬಬೇಕು. ತುಂಬಿದ ಮೇಲೆ ಕಂಪನಿ ಕೈಬಿಟ್ಟರೂ ಬೇರೆ ಕಡೆ ಕೆಲಸ ಹಿಡಿದು ಇಲ್ಲೇ ಇರಬಹುದು. ತುಂಬುವ ಮೊದಲೇ ಕೆಲಸದಿಂದ ತೆಗೆದು ಅರ್ಜಿಯನ್ನೂ ವಾಪಸು ಪಡೆದರೆ ಅರವತ್ತು ದಿನದೊಳಗೆ ಗಂಟುಮೂಟೆ ಕಟ್ಟಬೇಕು. ಗಂಡ ಸಾಗರನ ಕೆಲಸದ ಪರವಾನಗಿಯೂ ಇವಳ ವೀಸಾದ ಬಾಲ ಹಿಡಿದು ಬಂದದ್ದೇ. ಹಾಗಾಗಿ ಸಿಂಧು ಪ್ರತಿ ಬೆಳಿಗ್ಗೆ ಕಾಫಿಗೂ ಮುಂಚೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ನೂರ ಐವತ್ತೊಂಬತ್ತನೆಯ ಚುಕ್ಕೆ ಇಟ್ಟ ದಿನ ಇಂಗ್ಲೆಂಡಿನಿಂದ ಆ ಪತ್ರ ಬಂತು.

ಅವಳ ಕಂಪನಿಯದು ವಿಚಿತ್ರ ವ್ಯಾಪಾರ. ಹಳೆಯ ಕಾಲದ ಕೈಬರಹದ ಕಾಗದಗಳನ್ನು ಯಂತ್ರದಿಂದ ಓದಿಸಿ, ತಮ್ಮ ತಾತ ಮುತ್ತಾತಂದಿರನ್ನು ಹುಡುಕುವವರಿಗೆ ತೋರಿಸುವುದು. ಸಿಂಧುವಿನ ಪಾಲಿಗೆ ಬಂದದ್ದು ಇಂಗ್ಲೆಂಡಿನ ಹಳ್ಳಿಗಳ ಇನ್ನೂರೈವತ್ತು ವರ್ಷ ಹಿಂದಿನ ಕಂತೆ. ಅದರ ತುಂಬ ಮನೆಯಾಳು, ಹೊಲದಾಳುಗಳ ಹೇಳಿಕೆಗಳು. ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿದ್ದೆ, ಎಷ್ಟು ಕಾಲ ದುಡಿದೆ. ಯಂತ್ರ ಓದಿದ್ದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹಾಗೆ ಹುಡುಕುವಾಗ ಒಂದು ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬಿದ್ದಿತ್ತು. ಐವತ್ತೊಂದು ವಾರ ದುಡಿದೆ, ಐವತ್ತೊಂದು ವಾರ ದುಡಿದೆ ಎಂದು ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಿದ್ದರು. ವರ್ಷಕ್ಕೆ ಐವತ್ತೆರಡು ವಾರವೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಗುಮಾಸ್ತನೋ ಯಂತ್ರವೋ ಎಡವಿರಬೇಕು ಎಂದುಕೊಂಡ ಸಿಂಧು ಒಂದು ನಿಯಮ ಬರೆದುಬಿಟ್ಟಳು: ಐವತ್ತೊಂದು ವಾರ ಎಂದಿದ್ದಲ್ಲೆಲ್ಲ ಒಂದು ವರ್ಷ ಎಂದು ತಿದ್ದು. ಸಾವಿರದ ನೂರಕ್ಕೂ ಹೆಚ್ಚು ಕಾಗದಗಳು ರೆಪ್ಪೆ ಬಡಿಯುವುದರೊಳಗೆ ನೆಟ್ಟಗಾದವು. ಮ್ಯಾನೇಜರು ವಿಕಾಸ್ ಮೀಟಿಂಗಿನಲ್ಲಿ ಅವಳ ಬೆನ್ನು ತಟ್ಟಿದ್ದ.

ಪತ್ರ ಬರೆದವರು ಆ ಕಡೆಯ ಹಳ್ಳಿಯೊಂದರ ನಿವೃತ್ತ ಸ್ಕೂಲ್ ಮೇಡಮ್ಮು. ಅವರ ವಂಶದ ಹ್ಯಾನಾ ಪೆಲ್ ಎಂಬ ಹುಡುಗಿ ಒಬ್ಬ ರೈತನ ಮನೆಯಲ್ಲಿ ಒಂದು ವರ್ಷ ದುಡಿದಳೆಂದು ಸಿಂಧುವಿನ ಕಂಪನಿ ತೋರಿಸುತ್ತಿತ್ತು. "ಅವಳು ಒಂದು ವರ್ಷ ದುಡಿದಿದ್ದರೆ ನಾನು ಈ ಪತ್ರ ಬರೆಯಬೇಕಾಗಿರಲಿಲ್ಲ," ಎಂದು ಮೇಡಮ್ಮು ಶುರುಮಾಡಿದ್ದರು. ಆ ಕಾಲದಲ್ಲಿ ಮದುವೆಯಾಗದ ಆಳು ಒಂದೇ ಊರಿನಲ್ಲಿ ಒಬ್ಬನೇ ಯಜಮಾನನ ಕೆಳಗೆ ಪೂರ್ತಿ ವರ್ಷ ದುಡಿದರೆ ಆ ಊರಿನ ಮೇಲೆ ಹಕ್ಕು ಬರುತ್ತಿತ್ತು. ಕಾಯಿಲೆ ಕಸಾಲೆಯಾದರೆ, ಕೈ ಸೋತರೆ, ಊರೇ ಅನ್ನ ಹಾಕಬೇಕು. ಆ ಉಪದ್ರವ ಯಾರಿಗೆ ಬೇಕು? ಆದ್ದರಿಂದ ಯಜಮಾನರು ಐವತ್ತೊಂದು ವಾರಕ್ಕೆ ಆಳನ್ನು ಗೊತ್ತುಮಾಡಿಕೊಂಡು, ಕೊನೆಯ ವಾರ ಹೊರಗೆ ಕಳಿಸುತ್ತಿದ್ದರು. ಹ್ಯಾನಾ ಬಸುರಿಯಾದಾಗ ಊರಿನ ಹಿರಿಯರು ಅವಳ ವಾರಗಳನ್ನು ಎಣಿಸಿದರು. ಒಂದು ಕಡಿಮೆ. ಜನವರಿಯ ಚಳಿಯಲ್ಲಿ ಗಾಡಿಗೆ ಹತ್ತಿಸಿ, ತನ್ನವರು ಯಾರೂ ಉಳಿದಿಲ್ಲದ ಹುಟ್ಟೂರಿಗೆ ಸಾಗಹಾಕಿದರು. ಐವತ್ತೊಂದು ಎಂಬುದು ಗುಮಾಸ್ತನ ತಪ್ಪಲ್ಲ, ಅದೇ ಆಟ ಎಂದು ಮೇಡಮ್ಮು ಅಡಿಗೆರೆ ಎಳೆದು ಬರೆದಿದ್ದರು. ಆ ಹಕ್ಕಿಗೆ ಆಗಿನವರು ಇಟ್ಟಿದ್ದ ಹೆಸರು ಸೆಟಲ್‌ಮೆಂಟ್.

ಸೆಟಲ್ ಆದ್ರಾ ಎಂಬ ಪ್ರಶ್ನೆ ಇಷ್ಟು ಹಳೆಯದೆಂದು ಸಿಂಧುವಿಗೆ ಗೊತ್ತಿರಲಿಲ್ಲ. ಪತ್ರವನ್ನು ಎರಡು ಸಲ ಓದಿದಳು. ನಾಚಿಕೆಯಾಯಿತು.

ಸಂಜೆ ಅತ್ತೆಯ ಮುಂದೆ ಹೇಳಿಕೊಂಡಳು. ಭದ್ರಮ್ಮ ಮಂಡ್ಯ ಕಡೆಯ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದವರು, ಗ್ರೋಸರಿಯಿಂದ ತಂದ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು ನಕ್ಕರು.

"ಇದೇನ್ ಒಸಾ ವಿಸ್ಯ ಅಂತ ಏಳ್ತಿದ್ದೀಯವ್ವಾ? ನಮ್ಮಟ್ಟೀಲೂ ಇದೇಯ. ಆಳು ಮಡಿಕೊಳ್ಳೋದು ಯುಗಾದಿಯಿಂದ ಯುಗಾದಿಗೆ. ಅಬ್ಬದ ದಿನ ಅಟ್ಟೀಲಿದ್ದ ಅಂದ್ರೆ ಒಸ ಬಟ್ಟೆ ಕೊಡ್ಬೇಕು, ರಾಗಿ ಅಳೀಬೇಕು. ಅದ್ಕೇ ಅಬ್ಬ ಇನ್ನೇನು ಎಂಟು ದಿನ ಐತೆ ಅನ್ನುವಾಗ ಜಗಳ ತೆಗೆಯೋರು."

"ಏನಂತ ಜಗಳ, ಅತ್ತೆ?"

"ಏನೋ ಒಂದು. ಇತ್ತಾಳೆ ಚೊಂಬು ಕಾಣೆ ಅಂತ." ಭದ್ರಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ನಗು ಹೋಗಿತ್ತು. "ದೇವರಾಜು ಅಂತ ಒಬ್ನಿದ್ದ. ಚಿನ್ನದಂಥ ಆಳು. ನಾನಾಗ ಒಸ ಸೊಸೆ. ಚೊಂಬ ಎತ್ತಿ ಅಟ್ಟದ ಮ್ಯಾಲೆ ಮಡಗು ಅಂದ್ರು ನಮ್ಮಾವ. ಮಡಗಿದೆ. ಅವ್ನು ತಗೊಂಡಿಲ್ಲ ಅನ್ನೋದು ನನಗೆ ಗೊತ್ತು, ನನಗೆ ಗೊತ್ತು ಅನ್ನೋದು ಅವ್ನಿಗೂ ಗೊತ್ತು. ನನ್ನ ಮೊಕ ನೋಡ್ದ, ಟವಲ್ ಕೊಡವಿ ಎಗಲಿಗೆ ಆಕ್ಕೊಂಡು ಓದ."

ಹೋಮ್‌ವರ್ಕು ಮಾಡುತ್ತಿದ್ದ ಕಾವ್ಯಾ ತಲೆಯೆತ್ತಿದಳು. "ವಾಟ್ಸ್ ಚೊಂಬು, ಅಜ್ಜಿ?"

ನಮ್ಮವರು ಮೋಸ ಹೋದರೆ ಕೈಗೆ ಚೊಂಬು ಬಂತು ಎನ್ನುತ್ತಾರೆ ಎಂದು ಸಿಂಧು ಮಗಳಿಗೆ ಇಂಗ್ಲಿಷಿನಲ್ಲಿ ಹೇಳಹೊರಟು, ಅರ್ಧಕ್ಕೆ ಬಿಟ್ಟಳು. ಭದ್ರಮ್ಮ ಮತ್ತೆ ಸೊಪ್ಪು ಬಿಡಿಸತೊಡಗಿದ್ದರು. "ಮೊದ್ಲು ಜಗಳ ತೆಗೀತಾರೆ ಕಣವ್ವಾ," ಎಂದರು ತಮ್ಮಷ್ಟಕ್ಕೆ. "ಅದೇ ಗುರುತು."

ಮರುದಿನ ಸಿಂಧು ಪತ್ರವನ್ನು ವಿಕಾಸನಿಗೆ ತೋರಿಸಿ, ನಿಯಮ ತೆಗೆದು ಎಲ್ಲ ಮೊದಲಿನಂತೆ ಮಾಡುತ್ತೇನೆ ಎಂದಳು. ಅರ್ಧ ದಿನದ ಕೆಲಸ. ವಿಕಾಸ್ ಬೆಂಗಳೂರಿನ ಜಯನಗರದವನು, ಗ್ರೀನ್ ಕಾರ್ಡು ಸಿಕ್ಕಿ ಯಾವುದೋ ಕಾಲವಾಗಿದೆ. ಮೈಕ್ರೋವೇವಿನ ಮುಂದೆ ಸಿಕ್ಕಾಗಲೆಲ್ಲ "ಏನ್ ಸಿಂಧು, ಇವತ್ತು ಬಸ್ಸಾರಾ?" ಎಂದು ಡಬ್ಬಿಗೆ ಇಣುಕುತ್ತಿದ್ದವನು. ಅವತ್ತು ಇಣುಕಲಿಲ್ಲ. ಪತ್ರವನ್ನು ನಿಧಾನವಾಗಿ, ಕೊನೆಯವರೆಗೆ ಓದಿದ.

"ಈಗ ಏನೂ ಮುಟ್ಟಬೇಡಿ," ಎಂದ. "ಮೇಲಿನೋರಿಗೆ ಹೇಳ್ಬೇಕು. ಏನಾಯ್ತು, ಹೇಗಾಯ್ತು ಅಂತ ಒಂದು ರಿಪೋರ್ಟು ಬರೆದು ಕೊಡಿ."

ಬರೆದು ಕೊಟ್ಟಳು. ನೂರ ಅರವತ್ತಾರನೆಯ ದಿನ, ತಪ್ಪು ನನ್ನದು ಎಂಬ ಸಾಲು ಸ್ಪಷ್ಟವಾಗಿ ಬರಲಿ ಎಂದು ರಿಪೋರ್ಟು ವಾಪಸು ಬಂತು. ಅದನ್ನೂ ಬರೆದಳು. ನೂರ ಅರವತ್ತೊಂಬತ್ತನೆಯ ದಿನ, ನಿಮ್ಮ ಕೆಲಸದ ಪ್ರತಿ ಹೆಜ್ಜೆಯನ್ನೂ ಯಾರು ಬೇಕಾದರೂ ಓದಿ ಮಾಡುವಂತೆ ಬರೆದಿಡಿ ಎಂಬ ಈಮೇಲು. ಸಿಂಧು ಅದನ್ನು ಅತ್ತೆಗೆ ಹೇಳಲಿಲ್ಲ. ನೂರ ಎಪ್ಪತ್ತರಂದು ಕಾರಿಡಾರಿನಲ್ಲಿ ವಿಕಾಸ್ ಎದುರಾದ. ನಮಸ್ಕಾರ ಎಂದಳು. "ಹಾಯ್ ಸಿಂಧು," ಎಂದು ಫೋನು ನೋಡುತ್ತ ಹೋದ. ಒಂಬತ್ತು ವರ್ಷದಲ್ಲಿ ಅವನು ಅವಳಿಗೆ ಕನ್ನಡದಲ್ಲಿ ಉತ್ತರ ಕೊಡದಿದ್ದದ್ದು ಅದೇ ಮೊದಲು. ಅಂದು ಅವಳಿಗೆ ನಿಜವಾಗಿ ಭಯವಾಯಿತು.

ಇಂಗ್ಲೆಂಡಿನ ಮೇಡಮ್ಮಿನಿಂದ ಎರಡನೆಯ ಪತ್ರ ಬಂತು. ಎರಡೇ ಸಾಲು. ನನಗೆ ಎಂಬತ್ಮೂರು ವರ್ಷ, ಹ್ಯಾನಾಳ ಆ ಒಂದು ವಾರವನ್ನು ನಾನಿರುವಾಗಲೇ ಸರಿಮಾಡುತ್ತೀರಾ? ತಿದ್ದುವ ಗುಂಡಿ ಸಿಂಧುವಿನ ಬೆರಳಿನ ಕೆಳಗೇ ಇತ್ತು. ಮುಟ್ಟಬೇಡಿ ಎಂದಿದ್ದಾನಲ್ಲ ವಿಕಾಸ್. ಒತ್ತಿದರೆ ಅದೇ ಇನ್ನೊಂದು ಚೊಂಬಾದರೆ? ಸೋಮವಾರಕ್ಕೆ ನೂರ ಎಂಬತ್ತು ತುಂಬುತ್ತದೆ, ಸೋಮವಾರವೇ ತಿದ್ದೋಣ, ಇನ್ನೂರೈವತ್ತು ವರ್ಷ ಕಾದ ಹುಡುಗಿ ಇನ್ನು ನಾಲ್ಕು ದಿನ ಕಾಯಲಾರಳೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೇಡಮ್ಮಿಗೆ ಉತ್ತರವನ್ನೂ ಬರೆಯಲಿಲ್ಲ. ಹೆದರಿದವರ ಸಮಾಧಾನ ಹೀಗೇ ಇರುತ್ತದೆ, ಕೇಳುವುದಕ್ಕೆ ನ್ಯಾಯವಾಗಿಯೇ ಕೇಳುತ್ತದೆ.

ಶುಕ್ರವಾರ ನೂರ ಎಪ್ಪತ್ತೇಳನೆಯ ಚುಕ್ಕೆ ಇಟ್ಟು ಆಫೀಸಿಗೆ ಹೋದಳು. ಹತ್ತು ಗಂಟೆಗೆ ಮೀಟಿಂಗೆಂದು ಕರೆ ಬಂತು. ವಿಷಯವೇನೆಂದು ಬರೆದಿರಲಿಲ್ಲ. ಕೋಣೆಯಲ್ಲಿ ವಿಕಾಸನ ಪಕ್ಕ ಎಚ್ಆರ್‌ನ ಹೆಂಗಸೊಬ್ಬಳು ಕೂತಿದ್ದಳು. ಮೇಜಿನ ಮೇಲೆ ಟಿಶ್ಯೂ ಪೇಪರಿನ ಹೊಸ ಡಬ್ಬಿ. ಅದನ್ನು ನೋಡಿದ ಕೂಡಲೇ ಸಿಂಧುವಿಗೆ ಎಲ್ಲ ತಿಳಿದುಹೋಯಿತು.

ಎಚ್ಆರ್‌ನವಳು ಓದಿದಳು. ಗುಣಮಟ್ಟದಲ್ಲಿ ಗಂಭೀರ ಲೋಪ, ಸಾವಿರದ ನೂರು ದಾಖಲೆಗಳು, ಸ್ವತಃ ಒಪ್ಪಿಕೊಂಡ ವರದಿ, ಇಂದೇ ಕೊನೆಯ ದಿನ. ಸಿಂಧು ಅವಳನ್ನು ನೋಡಲಿಲ್ಲ. ವಿಕಾಸನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು.

"ತೆಗೀರಿ, ಬೇಡ ಅನ್ನಲ್ಲ. ಸೋಮವಾರ ತೆಗೀರಿ. ಮೂರು ದಿನ ನನ್ನ ಹೆಸರು ಇರ್ಲಿ, ಸಂಬಳ ಬೇಡ. ಅರ್ಜಿ ವಾಪಸ್ ತಗೊಳ್ಳೋ ಲೆಟರೊಂದನ್ನ ತಡೀರಿ, ವಿಕಾಸ್. ಮಗಳ ಸ್ಕೂಲಿದೆ. ನಿಮಗೆ ಇದೆಲ್ಲ ಗೊತ್ತು. ನೀವೂ ಹೀಗೇ ದಿನ ಎಣಿಸಿದ್ದೀರಿ."

ವಿಕಾಸ್ ಟೇಬಲ್ಲಿನ ಅಂಚು ಸವರಿದ. "ಲೆಟರ್ ಬೆಳಿಗ್ಗೇನೇ ಹೋಯ್ತು. ನನ್ನ ಕೈಯಲ್ಲಿಲ್ಲ." ಸಮಾಧಾನ ಮಾಡುವವನಂತೆ ಹೇಳಿದ: "ಅಪ್ರೂವಲ್ ಆಗಿ ಆರು ತಿಂಗಳು ಆಯ್ತಲ್ವಾ? ಹೆಚ್ಚುಕಮ್ಮಿ?"

"ನೂರ ಎಪ್ಪತ್ತೇಳು ದಿನ."

"ಅದೇ. ಹೆಚ್ಚುಕಮ್ಮಿ ಆರು ತಿಂಗಳು."

ತಾನೂ ಸಾವಿರದ ನೂರು ಜನರ ಲೆಕ್ಕವನ್ನು ಹೀಗೇ ತುಂಬಿಸಿಬಿಟ್ಟಿದ್ದೆ ಎಂಬುದು ಸಿಂಧುವಿಗೆ ಆಗ ಹೊಳೆಯಿತು. ತನ್ನ ಜಾಗಕ್ಕೆ ಬರುವಷ್ಟರಲ್ಲಿ ಲ್ಯಾಪ್‌ಟಾಪು ಪಾಸ್‌ವರ್ಡು ಒಪ್ಪುತ್ತಿರಲಿಲ್ಲ. ಮೂರು ಸಲ ಒತ್ತಿ ನೋಡಿದಳು. ಒಳಗೆಲ್ಲೋ ಹ್ಯಾನಾ ಪೆಲ್ ಒಂದು ವರ್ಷ ಪೂರ್ತಿ ದುಡಿದವಳಾಗಿಯೇ ಇದ್ದಳು.

ಫ್ರೀವೇ ಹಿಡಿದು ಮನೆ ಮುಟ್ಟಿದಾಗ ಇನ್ನೂ ಹನ್ನೆರಡಾಗಿರಲಿಲ್ಲ. ಬಾಗಿಲು ತೆಗೆದ ಭದ್ರಮ್ಮ ಸೊಸೆಯ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆ ನೋಡಿದರು. ಕಾಫಿ ಲೋಟ, ಮಗಳ ಫೋಟೋ, ಒಂದು ಚಿಕ್ಕ ಗಣಪ. ಯಾಕೆ ಬೇಗ ಬಂದೆ ಎಂದು ಅವರು ಕೇಳಲಿಲ್ಲ.

"ಅಬ್ಬಕ್ಕೆ ಎಷ್ಟ್ ದಿನ ಇತ್ತವ್ವಾ?"

"ಮೂರು, ಅತ್ತೆ."

"ಚೊಂಬು ಯಾವ್ದು ಅಂದ್ರು?"

"ಐವತ್ತೊಂದು ವಾರ."

ಸಿಂಧು ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಅಳು ಬರಲಿಲ್ಲ. ಭದ್ರಮ್ಮ ಪೆಟ್ಟಿಗೆಗೆ ಕೈ ಚಾಚಿದವರು ಅರ್ಧಕ್ಕೆ ನಿಂತರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

"ಅಂಗ್ ನೋಡ್ಬ್ಯಾಡ ಕಣವ್ವಾ," ಎಂದರು. "ದೇವರಾಜನೂ ಇಂಗೇ ನೋಡಿದ್ದ."