ಪೆಟ್ರೋಲ್ ಒರೆಸಿದ ಗಾಡಿಗೆ ಕರ್ಪೂರದಾರತಿ

ಹಲಸೂರು ಕೆರೆಯ ಹಿಂಬದಿಯ ಮುನಿಶಾಮಿ ಹಾಲಿನ ವ್ಯಾಪಾರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ ಮೋಟಾರ್ ಸೈಕಲ್ಲೊಂದನ್ನು ಕೊಂಡು, ಅದಕ್ಕೆ ಕ್ಯಾನು ಕಟ್ಟಿ ರಿಚರ್ಡ್ಸ್ ಟೌನಿನ ಬಂಗಲೆಗಳಿಗೆ ಹಾಲು ಹಾಕುತ್ತಿದ್ದ. ಗಾಡಿ ಬಂದಾಗಿನಿಂದ ಅವನ ನಡಿಗೆಯೇ ಬದಲಾಯಿತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು.

ಎಂಜಿನ್ ಮೇಲೆ ಮಾತ್ರ ಎಣ್ಣೆ, ಧೂಳು, ಚೆಲ್ಲಿದ ಹಾಲು ಎಲ್ಲ ಸೇರಿ ಕರಿ ಜಿಡ್ಡು ಗಟ್ಟಿಯಾಗಿತ್ತು. ಜಿಡ್ಡು ಮುಚ್ಚಿದ ಎಂಜಿನ್ನಿಗೆ ಗಾಳಿ ತಾಗುವುದಿಲ್ಲ. ಕಂಟೋನ್ಮೆಂಟ್ ಸ್ಟೇಷನ್ ದಾಟುವಷ್ಟರಲ್ಲಿ ಅದು ಕಾದು ಏದುಸಿರು ಬಿಡುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಮುನಿಶಾಮಿ ಹಾಲು ಹಾಕಿ ಬಂದವನೇ ಗಾಡಿಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿದ. ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ಎಂಜಿನ್ ಒರೆಸಲು ಕುಳಿತ. ಹೆಂಡತಿ ರಾಮಲಕ್ಷ್ಮಮ್ಮ ಹಳೆ ಸೀರೆಯ ಚೂರು ಹಿಡಿದು ಕೈಜೋಡಿಸಿದಳು. ನಡುವೆ ಎದ್ದು ಹೋಗಿ ಗೋಡೆಯಾಚೆಯ ಬಚ್ಚಲ ಒಲೆಗೆ ಸೌದೆ ತುಂಬಿ ಬಂದಳು, ಹಚ್ಚಲಿಲ್ಲ. ಕೆಲಸ ಮುಗಿದ ಮೇಲೆ ಗಾಡಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಆರತಿ ತಟ್ಟೆಯಲ್ಲಿ ಕರ್ಪೂರವಿಟ್ಟು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು.

ಆಗ ಅದೇ ಬೀದಿಯ ಶೌಕತ್ ಹಾಲಿಗೆಂದು ಚೊಂಬು ಹಿಡಿದು ಬಂದ. ಯುದ್ಧದ ಕಾಲದಲ್ಲಿ ಅವನು ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಬಾಗಿಲಲ್ಲೇ ನಿಂತು ಮೂಗರಳಿಸಿ ವಾಸನೆ ನೋಡಿದ.

"ಅಕ್ಕ, ಕಡ್ಡಿ ಗೀರ್ಬೇಡಿ. ತಟ್ಟೆ ಅಲ್ಲೇ ಇಟ್ಟು ಆಚೆ ಬನ್ನಿ."

"ಪೂಜೆ ಟೈಮಲ್ಲಿ ಅಡ್ಡ ಬಂದ್ಯಲ್ಲ ಶೌಕತ್ ಭಾಯ್," ಎಂದ ಮುನಿಶಾಮಿ.

"ಏನ್ ಹಾಕಿ ಒರೆಸ್ದೆ?"

"ಪೆಟ್ರೋಲು. ಹೆಂಗೆ ಹೊಳೀತಿದೆ ನೋಡು."

"ರೇಷನ್ ಕೂಪನ್ ಪೆಟ್ರೋಲು ಓಡ್ಸೋಕೇ ಸಾಲಲ್ಲ ಅಂತ ನಿನ್ನೆ ಅಳ್ತಿದ್ದೆ. ಇವತ್ತು ಅಭಿಷೇಕ ಮಾಡ್ಬಿಟ್ಟಿದ್ದೀಯ."

"ಒಣಗೋಯ್ತು ಬಿಡು. ಮುಟ್ಟಿ ನೋಡು, ತೇವ ಇಲ್ಲ."

"ಒಣಗಿ ಎಲ್ಲಿಗ್ ಹೋಯ್ತು?"

ಮುನಿಶಾಮಿ ಸ್ವಲ್ಪ ಯೋಚಿಸಿದ. "ಗಾಳೀಗ್ ಹೋಯ್ತು."

"ಅದು ಹೊಗೆ ತರ ಮೇಲಕ್ಕೆ ಹೋಗಲ್ಲ ಅಣ್ಣ. ಕಣ್ಣಿಗೆ ಕಾಣದ ಆವಿ ಆಗಿ ನೆಲ ಹಿಡ್ಕೊಂಡು ಹರಿಯುತ್ತೆ. ನಿನ್ನ ಕೊಟ್ಟಿಗೇಗೆ ಕಿಟಕಿ ಕೂಡ ಇಲ್ಲ."

"ನಮ್ಮಪ್ಪ ಮೂವತ್ತು ವರ್ಷ ಎತ್ತಿನಗಾಡಿಗೆ ಇದೇ ಕೊಟ್ಟಿಗೇಲಿ ಆರತಿ ಎತ್ತಿದ್ರು. ಏನಾಯ್ತು?"

"ಎತ್ತಿಗೆ ಪೆಟ್ರೋಲ್ ಹಾಕ್ತಿರ್ಲಿಲ್ವಲ್ಲ."

ರಾಮಲಕ್ಷ್ಮಮ್ಮ ಬೆಂಕಿಪೊಟ್ಟಣ ಕೆಳಗಿಟ್ಟಳು. "ಬಚ್ಚಲ ಒಲೆಗೆ ಸೌದೆ ಇಡೋವಾಗ್ಲೇ ನಂಗೆ ಆ ವಾಸನೆ ಬಂತು. ಕೊಟ್ಟಿಗೆ ನೀರು ಹೋಗೋ ಗೋಡೆ ಕಿಂಡಿ ಹತ್ರ ಬಗ್ಗಿದಾಗ ಇನ್ನೂ ಜಾಸ್ತಿ ಇತ್ತು."

"ವಾಸನೆ ಬಂತು ಅಂದ್ರೆ ಪೆಟ್ರೋಲ್ ಅಲ್ಲಿಗೂ ಬಂತು ಅಂತಾನೇ ಅಕ್ಕ. ಬೆಂಕಿ ಅದರ ಹತ್ರ ಹೋಗ್ಬೇಕಿಲ್ಲ, ಅದೇ ಬೆಂಕಿ ಹುಡುಕ್ಕೊಂಡು ಹೋಗುತ್ತೆ. ನಿಮ್ಮ ಸೆರಗು ನೋಡ್ಕೊಳ್ಳಿ, ನೆಂದಿದೆ."

ಮುನಿಶಾಮಿ ಹೆಂಡತಿಯ ಸೆರಗು ನೋಡಿದ, ತಟ್ಟೆಯ ಕರ್ಪೂರ ನೋಡಿದ. ಆಗ ಅವನಿಗೆ ಹೆದರಿಕೆಯಾಯಿತು. ಆರತಿ ಎತ್ತುವುದು ಪ್ರತಿ ವರ್ಷವೂ ಅವಳೇ.

ಮೂವರೂ ಸೇರಿ ಹಸು ಕರುಗಳನ್ನು ಬಿಚ್ಚಿ ಹೊರಗೆ ಕಟ್ಟಿದರು. ಗಾಡಿಯನ್ನು ತಳ್ಳಿ ಬಯಲಿಗೆ ತಂದು, ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ರಾಮಲಕ್ಷ್ಮಮ್ಮ ಕೈ ತೊಳೆದು ಸೀರೆ ಬದಲಿಸಿ ಬಂದಳು. ಎಂಜಿನ್ ಮುಂಭಾಗ ಹೊಳೆಯುತ್ತಿತ್ತು, ಸಂದುಗಳಲ್ಲಿ ಜಿಡ್ಡು ಹಾಗೇ ಇತ್ತು.

"ನೀರು ಹುಯ್ದ್ಬಿಡ್ಲಾ?" ಎಂದ ಮುನಿಶಾಮಿ.

"ಕಾದ ಹೆಂಚಿಗೆ ತಣ್ಣೀರು ಹುಯ್ದ್ರೆ ಏನಾಗುತ್ತೆ ಅಂತ ಅಕ್ಕನ್ನ ಕೇಳು. ಮೊದ್ಲು ಇದು ತಣ್ಣಗಾಗ್ಲಿ. ಕೈ ಇಟ್ರೆ ಸುಡಬಾರ್ದು, ಅಷ್ಟು ಆಗ್ಬೇಕು."

ಎಂಜಿನ್ ಆರಿದ ಮೇಲೆ ಶೌಕತ್ ಪೆಟ್ರೋಲ್ ಟ್ಯಾಪು ಮುಚ್ಚಿದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನೂ ಕಿಡಿ ಕೊಡುವ ಮ್ಯಾಗ್ನೆಟೋವನ್ನೂ ನೀರಿಳಿಯದ ಎಣ್ಣೆಬಟ್ಟೆಯಿಂದ ಸುತ್ತಿ ಕಟ್ಟಿದ. ಅವೆರಡರೊಳಗೆ ನೀರು ಹೊಕ್ಕರೆ ನಾಳೆ ಹಾಲನ್ನು ತಲೆ ಮೇಲೆ ಹೊರಬೇಕಾಗುತ್ತದೆ ಎಂದ. ಆಮೇಲೆ ಅರ್ಧ ಲೋಟ ಸೀಮೆಎಣ್ಣೆ ತರಿಸಿದ.

"ಸೀಮೆಎಣ್ಣೆ ಹತ್ತಲ್ವಾ? ದೀಪಕ್ಕೆ ಅದನ್ನೇ ತಾನೇ ಹಾಕೋದು?" ಮುನಿಶಾಮಿಗೆ ಇನ್ನೂ ಅನುಮಾನ.

"ಹತ್ತುತ್ತೆ. ಆದ್ರೆ ಪೆಟ್ರೋಲಿನಷ್ಟು ಬೇಗ ಆವಿ ಆಗಲ್ಲ. ಅದಕ್ಕೇ ಇದನ್ನೂ ಬಯಲಲ್ಲೇ ಮಾಡ್ಬೇಕು, ಬೆಂಕಿ ದೂರ ಇರ್ಬೇಕು. ಬೀಡಿ ಕಿವಿಗೆ ಸಿಕ್ಸ್ಕೊಂಡಿದ್ದೀಯಲ್ಲ, ಅದನ್ನ ಮನೆ ಒಳಗಿಟ್ಟು ಬಾ."

ಮುನಿಶಾಮಿ ಬೀಡಿ ಇಟ್ಟು ಬಂದ. ತೆಂಗಿನ ನಾರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸಂದುಸಂದಿಗೂ ತಿಕ್ಕಿದ. ಜಿಡ್ಡು ನೆನೆಯಲು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಒಳ್ಳೆ ನೀರಿನ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಒಣಬಟ್ಟೆಯಲ್ಲಿ ಒರೆಸಿದರು. ಕೊಳೆಯಾದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಗೆ ತುಂಬಿದರು. "ಕೈಯನ್ನ ಸೋಪು ಹಾಕಿ ತೊಳ್ಕೊಂಡೇ ಹಾಲಿನ ಕ್ಯಾನ್ ಮುಟ್ಟು," ಎಂದ ಶೌಕತ್. "ಬಂಗಲೆ ದೊರೆಸಾನೀರು ಸೀಮೆಎಣ್ಣೆ ಟೀ ಕುಡಿಯಲ್ಲ."

ಗಾಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿ, ವಾಸನೆ ಪೂರಾ ಹೋದ ಮೇಲೆ ಪೂಜೆ. ಕರ್ಪೂರ ಹಚ್ಚುವುದು ಹತ್ತು ಹೆಜ್ಜೆ ಆಚೆ, ತುಳಸಿಕಟ್ಟೆಯ ಬಳಿ ಎಂದು ಶೌಕತ್ ಹೇಳಿದಾಗ ಮುನಿಶಾಮಿಯ ಮುಖ ಸಪ್ಪೆಯಾಯಿತು.

"ಅಷ್ಟು ದೂರದಿಂದ ಎತ್ತಿದ ಆರತಿ ಸಲ್ಲುತ್ತಾ?"

"ಸೋಮೇಶ್ವರನ ಗುಡೀಲಿ ನೀನು ಎಲ್ಲಿ ನಿಂತು ಕೈ ಮುಗೀತೀಯ?" ಎಂದಳು ರಾಮಲಕ್ಷ್ಮಮ್ಮ. "ದೂರದಿಂದ ಮುಗಿದಿದ್ದು ಬೇಡ ಅಂತ ದೇವರು ವಾಪಸ್ ಕಳ್ಸಿದ್ನಾ?"

ಆರತಿ ಆಯಿತು. ಶೌಕತ್‌ಗೆ ಚೊಂಬಿನ ತುಂಬ ಹಾಲೂ ಒಂದು ಹಿಡಿ ಕಡ್ಲೆಪುರಿಯೂ ಸಿಕ್ಕಿದವು. ಅವನು ಮನೆಗೆ ಹೋದ.

ಸಂಜೆ ಮುನಿಶಾಮಿ ಬಚ್ಚಲ ಒಲೆ ಹಚ್ಚಲು ಹೊರಟ. ಸೌದೆ ಬೇಗ ಹತ್ತಲೆಂದು ಬೆಳಗಿನ ಸೀರೆಯ ಚೂರನ್ನು ಹುಡುಕಿದ. ಅದು ಕೊಟ್ಟಿಗೆಯ ಮೂಲೆಯಲ್ಲಿ ಬಕೆಟ್ಟಿನ ಕೆಳಗೆ ಮುದುಡಿ ಬಿದ್ದಿತ್ತು. ಎತ್ತಿ ಒಲೆಯ ಕಡೆ ತಿರುಗಿದ. ರಾಮಲಕ್ಷ್ಮಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು. ಆ ಬಟ್ಟೆಯನ್ನು ಅವನ ಮೂಗಿನ ಹತ್ತಿರ ಎತ್ತಿದಳು.

ವಾಸನೆ ಇನ್ನೂ ಇತ್ತು.

ಅವನು ಬಟ್ಟೆಯನ್ನು ಬಯಲಿಗೆ ಒಯ್ದು ಬೇಲಿಯ ಮೇಲೆ ಹರವಿ ಬಂದ. ಆ ಸಂಜೆ ಒಲೆ ಹಚ್ಚಿದ್ದು ತೆಂಗಿನ ಗರಿಯಿಂದ.

ಗಾಡಿ ಇರುವ ಅಣ್ಣಂದಿರೇ, ಈ ಹಬ್ಬಕ್ಕೆ ನೀವೂ ಎಂಜಿನ್ ತೊಳೆಯುತ್ತೀರಿ. ತಣ್ಣಗಾಗಲು ಬಿಡಿ, ಬಯಲಿಗೆ ತನ್ನಿ, ಪೆಟ್ರೋಲನ್ನು ಟ್ಯಾಂಕಿನಲ್ಲೇ ಇರಗೊಡಿ. ಒರೆಸಿದ ಬಟ್ಟೆ ಎಲ್ಲಿ ಬಿತ್ತೆಂದು ಹುಡುಕಿ. ಇಷ್ಟು ನೆನಪಿರದಿದ್ದರೆ, ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಒಂದನ್ನೇ ಕೇಳಿಕೊಳ್ಳಿ: ನಿಮ್ಮ ಮನೆಯಲ್ಲಿ ಆರತಿ ತಟ್ಟೆ ಹಿಡಿಯುವ ಕೈ ಯಾರದು?